ಹಲ್ಲಿಯನ್ನು ಡೈನೋಸಾರ್ ಮಾಡಿದ ದಿನ

ಬೆಂಗಳೂರಿನ ಖಾಸಗಿ ಶಾಲೆಗಳಲ್ಲಿ ಟೀಚರ್ ಕೆಲಸ ಬೇಕೆಂದರೆ ಮೊದಲು ಡೆಮೋ ಕ್ಲಾಸ್ ಕೊಡಬೇಕು. ಗುರುತು ಪರಿಚಯವಿಲ್ಲದ ಮಕ್ಕಳೆದುರು ನಿಂತು ನಾವು ಒಂದು ಪೀರಿಯಡ್ ಪಾಠ ಮಾಡಬೇಕು. ಹಿಂದಿನ ಬೆಂಚಿನಲ್ಲಿ ಹೆಡ್ ಮೇಡಂ ಮತ್ತು ಇನ್ನಿಬ್ಬರು ಕಾಗದ ಹಿಡಿದು ಕೂತು ಅಂಕ ಹಾಕುತ್ತಾರೆ. ಹೆಣ್ಣು ನೋಡುವ ಶಾಸ್ತ್ರವೇ ಇದಕ್ಕಿಂತ ವಾಸಿ, ಅಲ್ಲಿ ಉಪ್ಪಿಟ್ಟಾದರೂ ಸಿಗುತ್ತದೆ.

ಮಗಳು ಹುಟ್ಟಿದ ಮೇಲೆ ಎಂಟು ವರ್ಷ ಮನೆಯಲ್ಲೇ ಇದ್ದವಳು ನಾನು. ಹಾವೇರಿ ಕಡೆಯಿಂದ ಬಿಟಿಎಂ ಲೇಔಟಿನ ಬಾಡಿಗೆ ಮನೆಗೆ ಬಂದ ಮೇಲೆ ಮತ್ತೆ ಪಾಠ ಮಾಡುವ ಆಸೆ ಹುಟ್ಟಿತು. ವಿಲ್ಸನ್ ಗಾರ್ಡನ್, ಶ್ರೀನಗರ, ಕುಮಾರಸ್ವಾಮಿ ಲೇಔಟ್ ಅಂತ ಅಲೆದು ನಾಲ್ಕು ಡೆಮೋ ಕೊಟ್ಟೆ. ನಾಲ್ಕೂ ಕಡೆ "ತಿಳಿಸ್ತೀವಿ ಮೇಡಂ" ಅಂದರು. ಯಾರೂ ತಿಳಿಸಲಿಲ್ಲ. ನನಗೆ ಪಾಠ ಮಾಡುವುದೇ ಮರೆತುಹೋಗಿದೆಯೇನೋ ಎಂಬ ಭಯ ಒಳಗೊಳಗೇ ಶುರುವಾಗಿತ್ತು. ಐದನೆಯದು ಜೆ.ಪಿ. ನಗರದ ಒಂದು ಸಣ್ಣ ಶಾಲೆ. ಇಲ್ಲೂ ಆಗದಿದ್ದರೆ ಬಿ.ಎಡ್. ಸರ್ಟಿಫಿಕೇಟನ್ನು ಟ್ರಂಕಿನ ತಳಕ್ಕೆ ಹಾಕಿಬಿಡುವುದು ಎಂದು ತೀರ್ಮಾನಿಸಿ ಹೊರಟೆ.

ಹೂವಿನ ಭಾಗಗಳ ಪಾಠಕ್ಕೆಂದು ಡಬ್ಬಿಯಲ್ಲಿ ದಾಸವಾಳ ತುಂಬಿಕೊಂಡು ಹೋಗಿದ್ದೆ. ಹೆಡ್ ಮೇಡಂ ಡಬ್ಬಿಯ ಕಡೆ ನೋಡಲೂ ಇಲ್ಲ. "ಆ ಪಾಠ ಆಗೋಯ್ತು ಮೇಡಂ. ಐದನೇ ಕ್ಲಾಸಿನವ್ರು ಡೈನೋಸಾರ್ ಪ್ರಾಜೆಕ್ಟ್ ಮಾಡ್ತಿದಾರೆ, ಅದನ್ನೇ ತಗೊಳ್ಳಿ. ಅವ್ರು ಪ್ರಶ್ನೆ ಕೇಳ್ತಾರೆ, ನೀವು ಉತ್ತರ ಹೇಳಿದ್ರೆ ಸಾಕು" ಅಂದರು. ನನಗೆ ಸಿಟ್ಟು ಬೇಗ ಬರುತ್ತದೆ. ಬಂತು, ನುಂಗಿಕೊಂಡೆ. ಹತ್ತು ನಿಮಿಷ ಸಿಕ್ಕಿತು. ಆಫೀಸಿನ ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ಒಂದು ಲೇಖನ ತೆರೆದು ಓದತೊಡಗಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಬೆಲ್ ಹೊಡೆಯಿತು.

ಶಾಲೆಯ ಗೇಟಿನ ಬೋರ್ಡಿನ ಮೇಲೆ ಇಂಗ್ಲಿಷ್ ಮೀಡಿಯಂ ಎಂದಿದ್ದರೂ ಮಕ್ಕಳ ಸಂದೇಹಗಳೆಲ್ಲ ಕನ್ನಡದಲ್ಲೇ ಇದ್ದವು. ಡೈನೋಸಾರ್ ಮನುಷ್ಯರನ್ನು ತಿಂತಿತ್ತಾ? ಇಲ್ಲ, ಆಗ ಮನುಷ್ಯರೇ ಇರಲಿಲ್ಲ ಅಂದೆ. ಮೊಟ್ಟೆ ಮನೆಯಷ್ಟು ದೊಡ್ಡದಾ? ಸೊಪ್ಪು ತಿನ್ನುವ ಭಾರಿ ಡೈನೋಸಾರ್‌ಗಳ ಮೊಟ್ಟೆ ಕೂಡ ಹೆಚ್ಚುಕಡಿಮೆ ಫುಟ್‌ಬಾಲಿನಷ್ಟೇ ಅಂದೆ. ಹೇಗೆ ಸತ್ತವು? ಆರು ಕೋಟಿ ವರ್ಷಕ್ಕೂ ಹಿಂದೆ ಆಕಾಶದಿಂದ ಬೆಟ್ಟದಂಥ ಬಂಡೆ ಬಿದ್ದು, ಎದ್ದ ಧೂಳು ಸೂರ್ಯನನ್ನು ಮುಚ್ಚಿ, ಗಿಡ ಒಣಗಿ, ಗಿಡ ತಿನ್ನುವವು ಸತ್ತು, ಅವನ್ನು ತಿನ್ನುವವೂ ಸತ್ತವು ಅಂದೆ. ಕೈ ಬೀಸಿ ಬಂಡೆ ಬೀಳಿಸಿದೆ, ಮಕ್ಕಳು ನಕ್ಕರು. ಎಂಟು ವರ್ಷದ ತುಕ್ಕು ಉದುರಿದಂತಾಯಿತು.

ಆಗ ಎರಡು ಜಡೆಯ ಕ್ಲಾಸ್ ಲೀಡರ್ ಎದ್ದು ನಿಂತಳು. "ಎಲ್ಲಾನೂ ಸತ್ತೋದ್ವಾ ಮಿಸ್? ಒಂದಾದ್ರೂ ಉಳ್ಕೊಂಡಿದ್ಯಾ?"

ನಾನು ಓದದೆ ಬಿಟ್ಟ ಅರ್ಧದಲ್ಲಿ ಅದರ ಉತ್ತರವಿತ್ತು. ಹಿಂದಿನ ಒಂದು ಡೆಮೋದಲ್ಲಿ "ಗೊತ್ತಿಲ್ಲ, ನೋಡಿ ಹೇಳ್ತೀನಿ" ಅಂದಾಗ ಕಾಗದದ ಮೇಲೆ ಪೆನ್ನು ಗೀಚಿದ ಸದ್ದು ನನಗಿನ್ನೂ ಮರೆತಿರಲಿಲ್ಲ. ಟ್ಯೂಬ್‌ಲೈಟಿನ ಹಿಂದೆ ಒಂದು ಹಲ್ಲಿ ಕಾಣಿಸಿತು. "ಅದೋ ನೋಡಿ, ಅಲ್ಲೇ ಇದೆ" ಅಂದುಬಿಟ್ಟೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಸೀಮೆಸುಣ್ಣ ತೆಗೆದು ಬೋರ್ಡಿನ ಮೇಲೆ ಡೈನೋಸಾರ್, ಅದರಿಂದ ಉಡ, ಉಡದಿಂದ ಓತಿಕ್ಯಾತ, ಓತಿಕ್ಯಾತದಿಂದ ಹಲ್ಲಿ ಎಂದು ಬಾಣ ಎಳೆದೆಳೆದು ವಂಶವನ್ನೇ ಬರೆದೆ. ತರಗತಿ ಮೌನವಾಯಿತು. ಮಕ್ಕಳೆಲ್ಲ ಬೆರಗಾಗಿದ್ದಾರೆ ಎಂದು ನಾನು ಬೀಗಿದೆ.

ಸಂಜೆ ಫೋನ್ ಬಂತು. "ಸೋಮವಾರದಿಂದ ಬನ್ನಿ ಮೇಡಂ, ಮೂರು ತಿಂಗಳು ಟ್ರಯಲ್. ನಿಮ್ಮ ಕ್ಲಾಸ್ ಕಂಟ್ರೋಲ್ ತುಂಬ ಚೆನ್ನಾಗಿದೆ. ಆ ಮಕ್ಕಳು ಅಷ್ಟು ಸೈಲೆಂಟಾಗಿ ಯಾವತ್ತೂ ಕೂತಿಲ್ಲ." ಹೋದ ಜೀವ ಬಂದಂತಾಯಿತು. ಮಗಳನ್ನು ಎತ್ತಿ ತಿರುಗಿಸಿದೆ, ಎಂಟು ವರ್ಷದ ಹುಡುಗಿ ಎಂಬುದೂ ಮರೆತು. ಸೊಂಟ ಹಿಡಿಯಿತು.

ಶನಿವಾರ ಮಧ್ಯಾಹ್ನ, ಸೋಮವಾರದ ಪಾಠಕ್ಕೆ ಬೇಕಾಗಬಹುದೆಂದು ಅದೇ ಲೇಖನದ ಉಳಿದರ್ಧ ಓದಿದೆ. ಉಳಿದದ್ದು ಹಕ್ಕಿಗಳು. ಎರಡು ಕಾಲಿನ ಮೇಲೆ ಓಡಾಡುತ್ತಿದ್ದ ಡೈನೋಸಾರ್‌ಗಳ ಒಂದು ಕವಲೇ ಪುಕ್ಕ ಬೆಳೆಸಿಕೊಂಡು ಹಕ್ಕಿಯಾಗಿದೆ. ಹಲ್ಲಿಯ ಕವಲು ಡೈನೋಸಾರ್ ಹುಟ್ಟುವ ಮೊದಲೇ ಬೇರೆಯಾಗಿತ್ತು. ಬಾಲ್ಕನಿಯ ಗ್ರಿಲ್ಲಿನ ಮೇಲೆ ಪಾರಿವಾಳಗಳು ಗುಟುರು ಹಾಕುತ್ತಿದ್ದವು. ದಿನಾ ಬೆಳಗ್ಗೆ ಬೈದುಕೊಂಡು ನಾನು ಗುಡಿಸುತ್ತಿದ್ದದ್ದು ಡೈನೋಸಾರ್ ಹಿಕ್ಕೆ!

"ಅದನ್ನ ಯಾರ್ ನೆನಪಿಟ್ಟಿರ್ತಾರ? ಸುಮ್ನ ಇರು, ಸಿಕ್ಕ ಕೆಲಸ ಕೆಡಿಸ್ಕೋಬ್ಯಾಡ" ಅಂದರು ನಮ್ಮವರು.

"ನನಗ ನೆನಪೈತಲ್ರಿ" ಅಂದೆ.

ಹೇಳಿದರೆ ವಿಷಯ ಹೆಡ್ ಮೇಡಂ ಕಿವಿಗೆ ಬಿದ್ದು, ಟ್ರಯಲ್ ಮೊದಲ ದಿನವೇ ಮುಗಿಯಬಹುದು. ಹೇಳದಿದ್ದರೆ ಮೂವತ್ತು ಮಕ್ಕಳು ನನ್ನ ಹಲ್ಲಿಯನ್ನು ಪ್ರಾಜೆಕ್ಟಿಗೆ ಅಂಟಿಸಿಕೊಂಡು ದೊಡ್ಡವರಾಗುತ್ತಾರೆ. ಭಾನುವಾರವೆಲ್ಲ ಮನೆಯವರ ಮೇಲೆ ರೇಗಾಡಿದೆ. ಸಿಟ್ಟು ಯಾರ ಮೇಲೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಮೊದಲ ಪೀರಿಯಡ್. ಹಾಜರಿ ಕೂಡ ಕರೆಯಲಿಲ್ಲ, ಧೈರ್ಯ ಇರುವಾಗಲೇ ಮುಗಿಸಿಬಿಡೋಣವೆಂದು ಒಂದೇ ಉಸಿರಿಗೆ ಹೇಳಿದೆ. "ಆವತ್ತು ಹಲ್ಲಿ ವಿಷಯ ತಪ್ಪು ಹೇಳಿದೆ. ನನಗೆ ಗೊತ್ತಿರಲಿಲ್ಲ. ಗೊತ್ತಿದೆ ಅನ್ನೋ ಹಾಗೆ ಹೇಳಿದ್ದು ಇನ್ನೂ ದೊಡ್ಡ ತಪ್ಪು. ಉಳಿದಿರೋದು ಹಕ್ಕಿಗಳು."

ಯಾರಿಗೂ ಆಶ್ಚರ್ಯವಾಗಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಮಗೆ ಗೊತ್ತಿತ್ತು ಮಿಸ್" ಅಂದಳು ಲೀಡರ್. "ನಮ್ಮ ಚಾರ್ಟಲ್ಲೇ ಇದೆ. ನಿಮಗೂ ಗೊತ್ತಿರತ್ತೆ, ಚೆನ್ನಾಗಿ ಹೇಳ್ತೀರಾ ಅಂತಾನೇ ಕೇಳಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳು ಪಕ್ಕದ ಬೆಂಚಿನ ಕನ್ನಡಕದ ಹುಡುಗನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ. ಅವಳೇ ಹೇಳಿದಳು: "ಮುಂಚೆ ಒಬ್ರು ಸಾರ್ ಡೆಮೋಗೆ ಬಂದಿದ್ರು ಮಿಸ್. ತುಂಬ ಚೆನ್ನಾಗಿ ಹೇಳ್ಕೊಡ್ತಿದ್ರು. ಇವನು ಎದ್ದು, ಅದು ತಪ್ಪು ಸಾರ್ ಅಂದ. ಆಮೇಲೆ ಅವ್ರು ಬರ್ಲೇ ಇಲ್ಲ. ಇವನು ಎರಡು ದಿನ ಟಿಫನ್ ತಿನ್ಲಿಲ್ಲ. ಅದಕ್ಕೇ ನಾವು ರೂಲ್ ಮಾಡ್ಕೊಂಡ್ವಿ, ಡೆಮೋ ಕ್ಲಾಸಲ್ಲಿ ಯಾರ ತಪ್ಪೂ ಹಿಡೀಬಾರ್ದು. ನೀವು ಬಂಡೆ ಬೀಳಿಸಿದ್ದು ನಮಗೆಲ್ಲ ಇಷ್ಟ ಆಗಿತ್ತು ಮಿಸ್."

ಅವತ್ತಿನ ಮೌನ ಯಾವ ಮೌನ ಎಂಬುದು ಆಗ ತಿಳಿಯಿತು. ಹತ್ತು ವರ್ಷದ ಮಕ್ಕಳು, ನನ್ನ ಹೆಸರೂ ಗೊತ್ತಿಲ್ಲದವರು, ಬಾಯಿ ಬಿಗಿಹಿಡಿದು ಕೂತು ನನಗೆ ಕೆಲಸ ಕೊಡಿಸಿದ್ದರು. ಕಣ್ಣು ತುಂಬಿತು. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದುಹೋಯಿತು. ಹೆಡ್ ಮೇಡಂಗೂ ನಾನೇ ಹೋಗಿ ಹೇಳುತ್ತೇನೆ ಎಂದು ಅಲ್ಲೇ ನಿಶ್ಚಯವಾಯಿತು. ಮಧ್ಯಾಹ್ನ ಹೋಗಿ ಹೇಳಿದೆ ಕೂಡ, ಅವರು "ನಂಗೂ ಗೊತ್ತಿರ್ಲಿಲ್ಲ ರೀ" ಎಂದು ನಕ್ಕರು.

"ಡೆಮೋ ಮುಗೀತು" ಅಂದೆ ಮಕ್ಕಳಿಗೆ. "ಇವತ್ತಿಂದ ನಾನು ತಪ್ಪು ಹೇಳಿದ್ರೆ ಅಲ್ಲೇ ಹಿಡೀಬೇಕು. ಆಯ್ತಾ?"

ಕನ್ನಡಕದ ಹುಡುಗ ಮೆಲ್ಲಗೆ ಕೈ ಎತ್ತಿದ. "ಹಾಗಾದ್ರೆ ಆವತ್ತಿಂದು ಇನ್ನೂ ಎರಡು ಇದೆ ಮಿಸ್. ಈಗ್ಲೇ ಹೇಳ್ಲಾ?"

ಕುರ್ಚಿ ಎಳೆದುಕೊಂಡು ಕೂತೆ. "ಹೇಳಪ್ಪ" ಅಂದೆ.