ಸೊಟ್ಟಗೈ ಡೋರ್ಕಾಸ್ ಬೆಸೆದ ಕತ್ತು

ಡೋರ್ಕಾಸ್ ಬಾಂಟ್ರೇಗರ್ ಕೆಲಸ ಮಾಡುವಾಗ ಮಾತಾಡುವವಳಲ್ಲ. ಮಾತಾಡಿದಳೋ, ಎದುರಿಗಿದ್ದವನ ಗ್ರಹಚಾರ ಕೆಟ್ಟಿತೆಂದೇ ಅರ್ಥ. ಚಳಿಗಾಲ ಬಂತೆಂದರೆ ಅರಿಜೋನಾದ ಕ್ವಾರ್ಟ್ಸೈಟ್ ಮರಳುಗಾಡಿನಲ್ಲಿ ಮನೆಗಾಡಿಗಳು ಸಾಲುಸಾಲಾಗಿ ಬೀಡುಬಿಡುತ್ತವೆ. ಪಿಕಪ್ ಲಾರಿಯ ಬೆನ್ನ ಮೇಲೆ ಕತ್ತು ಚಾಚಿ ಕೂರುವ ಉದ್ದನೆಯ ಗಾಡಿಗಳು. ಊರೂರು ಅಲೆದು ಅವುಗಳ ಕತ್ತಿನ ಉಕ್ಕು ಬಳುಕುತ್ತದೆ, ಬಳುಕಿ ಬಳುಕಿ ಬಿರುಕು ಬಿಡುತ್ತದೆ. ಆಗ ಎಲ್ಲರೂ ಹುಡುಕಿಕೊಂಡು ಬರುವುದು ಇವಳನ್ನೇ.

ಇವಳು ಹುಟ್ಟಿ ಬೆಳೆದದ್ದು ಇಂಥ ಗಾಡಿಗಳನ್ನೇ ಕಟ್ಟುವ ಇಂಡಿಯಾನಾದ ಊರಿನಲ್ಲಿ. ಅಲ್ಲಿನ ಕಾರ್ಖಾನೆಯಲ್ಲಿ ಕೂಲಿ ಗಂಟೆಗಲ್ಲ, ಗಾಡಿಗೆ. ದಿನದ ಗಾಡಿಗಳು ಮುಗಿದ ಕೂಡಲೇ ಮನೆಗೆ ಹೋಗಬಹುದು. ಹಾಗಾಗಿ ಬೆಳಗಿನ ಕತ್ತಲಲ್ಲೇ ಬಂದು, ಬಾಲಕ್ಕೆ ಬೆಂಕಿ ಬಿದ್ದವರಂತೆ ಓಡಾಡಿ, ಮಧ್ಯಾಹ್ನಕ್ಕೆಲ್ಲ ಕೆರೆಗೆ ಗಾಳ ಹಾಕಲು ಹೊರಡುವ ಜನ. ಅವರ ಓಟಕ್ಕೆ ಅಡ್ಡ ನಿಲ್ಲುತ್ತಿದ್ದವಳು ಡೋರ್ಕಾಸ್ ಒಬ್ಬಳೇ. ಕತ್ತು ಮೈಗೆ ಸೇರುವ ಮೂಲೆಯಲ್ಲಿ ಹೊರಗೊಂದು ಬೆಸುಗೆ, ಒಳಗೊಂದು ಬೆಸುಗೆ ಬೇಕು. ಒಳಗಿನದಕ್ಕೆ ಮೈ ಮಡಚಿ ನುಗ್ಗಬೇಕು. ಅವಳು ನುಗ್ಗುತ್ತಿದ್ದಳು, ಹಿಂದಿನವರು ಕಾಯುತ್ತಾ ಬೈಯುತ್ತಿದ್ದರು.

ಲೈನಿನ ಮೇಸ್ತ್ರಿ ಲೊವೆಲ್ ಕ್ರೈಡರ್ ಕೈಯಲ್ಲಿ ಗಡಿಯಾರ ಹಿಡಿದು ಒಂದು ದಿನ ಅಬ್ಬರಿಸಿದ, "ಏಯ್, ಒಳಗಡೆ ಯಾವನು ತಲೆ ಹಾಕಿ ನೋಡ್ತಾನೆ? ಹೊರಗೆ ಹಾಕು, ಮುಂದಕ್ಕೆ ತಳ್ಳು! ಆಗಲ್ಲ ಅಂದ್ರೆ ಗೇಟು ಅಲ್ಲಿದೆ ನೋಡು."

ತಳ್ಳಿದಳು. ಇನ್ನೇನು ಮಾಡಿಯಾಳು? ವರ್ಷ ತಿರುಗುವುದರೊಳಗೆ ಗಾಡಿಗಳು ಕತ್ತು ಮುರಿದುಕೊಂಡು ಕಾರ್ಖಾನೆಗೆ ವಾಪಸು ಬರತೊಡಗಿದವು. ಕ್ರೈಡರ್ ಊಟದ ಹೊತ್ತಿನಲ್ಲಿ ಎಲ್ಲರೆದುರು ಅವಳನ್ನು ನಿಲ್ಲಿಸಿ, "ಇವಳ ಕೈಯೇ ಸೊಟ್ಟ. ನಾನು ಹೇಳಿದ್ದೊಂದು, ಇವಳು ಮಾಡಿದ್ದೊಂದು" ಅಂದುಬಿಟ್ಟ. ಥೂ, ಆ ನಾಲಿಗೆಗಿಷ್ಟು! ಸುತ್ತ ಕೂತವರಿಗೆ ಸತ್ಯ ಗೊತ್ತಿತ್ತು, ಒಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಅವಳು ತೊಲಗಿದರೆ ಇನ್ನೂ ಬೇಗ ಮನೆ ಸೇರಬಹುದಲ್ಲ! ಅಂದಿನಿಂದ ಅವಳು ಸೊಟ್ಟಗೈ ಡೋರ್ಕಾಸ್ ಆದಳು. ಬೇರೆ ಯಾವ ಕಾರ್ಖಾನೆಯೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಚರ್ಚಿನ ಅಡುಗೆಮನೆಗೆ ಸೇಬಿನ ಪೈ ತಂದಿಟ್ಟರೆ, "ಅಂಚು ನೆಟ್ಟಗಿದೆ ತಾನೆ?" ಎಂದು ಹೆಂಗಸರು ಕಿಸಕ್ಕೆಂದರು. ಅಂದೇ ಅವಳು ಬೆಸುಗೆಯ ಯಂತ್ರವನ್ನು ಲಾರಿಗೇರಿಸಿ ಊರು ಬಿಟ್ಟಳು.

ಮರಳುಗಾಡಿನಲ್ಲಿ ಹೊಟ್ಟೆಗೆ ಕೊರತೆಯಾಗಲಿಲ್ಲ. ಹೊಟ್ಟೆಯ ಉರಿಯೂ ಆರಲಿಲ್ಲ. ಆ ಕಾರ್ಖಾನೆಯ ಗಾಡಿ ಯಾವುದೇ ಬರಲಿ, ತಳ ಬಿಚ್ಚಿದರೆ ಅದೇ ಮೂಲೆ, ಒಳಗೆ ಅದೇ ಬೋಳು. ಇವಳು ಬಿಟ್ಟ ಮೇಲೆ ಕಟ್ಟಿದ ಗಾಡಿಗಳಲ್ಲೂ ಹಾಗೆಯೇ. ಪ್ರತಿ ಸಲ ಹಲ್ಲು ಕಡಿದು, "ಬರ್ತೀಯ ಕಣೋ, ಒಂದಿನ ನೀನೇ ಬರ್ತೀಯ" ಅನ್ನುತ್ತಿದ್ದಳು. ಕ್ರೈಡರನ ಬಾಯಿಂದಲೇ ನಾಲ್ಕು ಜನರೆದುರು ನಿಜ ಹೊರಡಿಸಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಕೊನೆಗೂ ಬಂದ. ಕೆಲಸದಿಂದ ನಿವೃತ್ತನಾಗಿ, ಹೊಳೆಯುವ ಗಾಡಿ ಎಳೆದುಕೊಂಡು, ಹೆಂಡತಿ ಮಾರ್ಲಿಸಳನ್ನು ಕೂರಿಸಿಕೊಂಡು. ಡೋರ್ಕಾಸ್ ಮುಖಕ್ಕೆ ಬೆಸುಗೆಯ ಮುಸುಕು ಹಾಕಿದ್ದಳು. ಅವನಿಗೆ ಗುರುತು ಹತ್ತಲಿಲ್ಲ. ಇವಳಿಗೆ ಅವನ ಕೆಮ್ಮಿನಲ್ಲೇ ಹತ್ತಿತು.

"ಮಲಗೋ ಕೋಣೆ ಕಿಟಕಿ ಮೂಲೇಲಿ ಸಣ್ಣ ಗೆರೆ ಬಿದ್ದಿದೆ, ಬಾಗಿಲು ಹಿಡ್ಕೊಳ್ತಿದೆ. ಅಂಟು ಬಳಿದಿದ್ದೀನಿ, ಮತ್ತೆ ಬಾಯಿ ಬಿಟ್ಟಿದೆ" ಅಂದ ಕ್ರೈಡರ್. "ಗಾಡಿಯೇನೋ ಚಿನ್ನದಂಥದ್ದು. ಆ ಲೈನು ನಡೆಸ್ತಿದ್ದೋನೇ ನಾನು. ನನ್ನ ಕಾಲದಲ್ಲಿ ಎಲ್ಲಕ್ಕಿಂತ ಬೇಗ ಮುಗಿದ ಗಾಡಿ ಇದು. ಅದಕ್ಕೇ ಇದನ್ನೇ ಆರಿಸ್ಕೊಂಡೆ."

ಮುಸುಕಿನೊಳಗೆ ಡೋರ್ಕಾಸಳಿಗೆ ನಗು ತಡೆಯಲಾಗಲಿಲ್ಲ. ಎಲ್ಲಕ್ಕಿಂತ ಬೇಗ ಮುಗಿದದ್ದು! ಆ ಊರಿನವನಲ್ಲದೆ ಬೇರೆ ಯಾವ ಬೆಪ್ಪ ತಾನು ಮಲಗುವ ಮನೆಯನ್ನು ಹಾಗೆ ಆರಿಸಿಯಾನು?

ಅಷ್ಟರಲ್ಲಿ ಅಕ್ಕಪಕ್ಕದವರು ಮಡಚುವ ಕುರ್ಚಿ, ಬಿಯರು ಹಿಡಿದು ನೆರೆದರು. ಇಲ್ಲಿ ಯಾರದಾದರೂ ಗಾಡಿ ಕೆಟ್ಟಿತೆಂದರೆ ಅದೇ ಸಂಜೆಯ ನಾಟಕ. ಡೋರ್ಕಾಸ್ ಕತ್ತಿಗೂ ಮೈಗೂ ನಡುವಿನ ಸಂದಿಗೆ ಇಸ್ಪೀಟಿನ ರಾಜನ ಎಲೆಯೊಂದನ್ನು ಸಿಕ್ಕಿಸಿ, ಗಾಡಿಯ ಮುಂಭಾಗಕ್ಕೆ ಊರುಗೋಲಾದ ಕಬ್ಬಿಣದ ಕಾಲುಗಳನ್ನು ಉದ್ದ ಮಾಡಿಸಿದಳು. ಗಾಡಿ ಏರಿತು, ಸಂದಿ ಅಗಲವಾಯಿತು, ಎಲೆ ಜಾರಿ ಮರಳಿಗೆ ಬಿತ್ತು.

"ಹೋಯ್ತು ರಾಜನ ಕತೆ!" ಎಂದು ನೆಬ್ರಾಸ್ಕದ ಮುದುಕ ಹೋಯ್ಟ್ ಕೂಗಿದ. ಎಲ್ಲರೂ ನಕ್ಕರು.

ಡೋರ್ಕಾಸ್ ತಳದ ಹಾಳೆ ಸೀಳಿ, "ಮಲಗಿ ನೋಡಿ ಯಜಮಾನ್ರೇ" ಅಂದಳು. ಕ್ರೈಡರ್ ಅಂಗಾತ ಮಲಗಿ ಒಳಗೆ ತೆವಳಿದ. ಮೂಲೆಯ ಉಕ್ಕು ತುಕ್ಕಿನ ಗೆರೆ ಎಳೆದುಕೊಂಡು ಬಾಯಿ ಬಿಟ್ಟಿತ್ತು.

"ಒಳಗಡೆ ಬೆಸುಗೆಯೇ ಇಲ್ವಲ್ಲ. ಯಾರ ಕೆಲಸ ಇದು?" ಎಂದು ಡೋರ್ಕಾಸ್ ಕೇಳಿದಳು.

"ನಮ್ಮಲ್ಲಿ ಒಬ್ಬಳಿದ್ಲು. ಸೊಟ್ಟಗೈ ಡೋರ್ಕಾಸ್ ಅಂತ. ಅವಳದ್ದೇ ಇರ್ಬೇಕು."

ಅವಳು ಮುಸುಕು ತೆಗೆದು ಬಗ್ಗಿದಳು. "ನನ್ನನ್ನ ನೀನು ಓಡಿಸಿ ಹತ್ತು ವರ್ಷದ ಮೇಲಾಯ್ತು ಲೊವೆಲ್. ನಿನ್ನ ಗಾಡಿಗೆ ಮೂರು ವರ್ಷ. ನನ್ನ ಸೊಟ್ಟಗೈ ಇಲ್ಲಿಂದ ಅಲ್ಲೀವರೆಗೂ ಚಾಚ್ತೇನು?"

ಕ್ರೈಡರ್ ಹೊರಗೆ ತೆವಳಿ ಬಂದು ಮರಳು ಕೊಡವುತ್ತಾ, "ಹಳೇದೆಲ್ಲ ಈಗ ಯಾಕೆ? ನೀನಿಲ್ದೇ ಇದ್ರೆ ಬೇರೆಯವರು ಸಿಕ್ತಾರೆ" ಅಂದ.

"ಧಾರಾಳವಾಗಿ ಹೋಗು. ದಾರೀಲಿ ಕತ್ತು ಕಳಚಿದ್ರೆ ನನ್ನ ಹೆಸರು ಹೇಳ್ಬೇಡ. ಇಲ್ಲೇ ಆಗ್ಬೇಕು ಅಂದ್ರೆ, ಒಳಗಿನ ಬೆಸುಗೆ ಬಿಡು ಅಂದೋರು ಯಾರು ಅಂತ ಇವರೆಲ್ಲರ ಮುಂದೆ ಹೇಳು."

ಅವನು ಹೆಂಡತಿಯತ್ತ ನೋಡಿದ. ಮಾರ್ಲಿಸ್ ನೆಲದ ಮೇಲಿದ್ದ ಎಲೆಯನ್ನೇ ನೋಡುತ್ತಿದ್ದಳು.

"ನನ್ನ ಮಂಚ ಇರೋದು ಸರಿಯಾಗಿ ಅದೇ ಬಿರುಕಿನ ಮೇಲೆ ಲೊವೆಲ್. ಹೇಳಿ ಸಾಯಿ" ಅಂದಳು.

"ನಾನೇ ಹೇಳಿದ್ದು" ಎಂದು ಗೊಣಗಿದ.

"ಹಿಂದಿನ ಕುರ್ಚಿಯೋರಿಗೆ ಕೇಳಿಸ್ಲಿಲ್ಲ."

"ನಾನೇ ಬಿಡಿಸ್ದೆ! ಅವಳು ಬಿಡಲ್ಲ ಅಂದ್ಲು, ನಾನೇ ಬಿಡಿಸ್ದೆ! ಆಯ್ತಾ?"

ಹೋಯ್ಟ್ ಬಿಯರು ಕೆಳಗಿಟ್ಟ. ಡೋರ್ಕಾಸಳ ಎದೆಯೊಳಗೆ ಇಷ್ಟು ವರ್ಷ ಕೂತಿದ್ದ ಕಲ್ಲು ಅಲುಗಿತು, ಆದರೆ ಪೂರ್ತಿ ಇಳಿಯಲಿಲ್ಲ. ಬಿರುಕು ಮುಂದಕ್ಕೆ ಹರಿಯದಂತೆ ಅದರ ತುದಿಗೆ ತೂತು ಕೊರೆಯುವಾಗ ಒಂದು ಕೆಟ್ಟ ಯೋಚನೆಯೂ ಬಂತು, ಸುಳ್ಳೇಕೆ. ಹೊರಗಷ್ಟೇ ಬೆಸೆದು ಕಳಿಸಿದರೆ ಇವನಿಗೆ ತಕ್ಕ ಶಾಸ್ತಿ! ಆದರೆ ಹಾಗೆ ಮಾಡಿದರೆ ಅವನು ಹೊರಿಸಿದ ಹೆಸರು ನಿಜವಾಗುತ್ತಿತ್ತು. ಇನ್ನೊಬ್ಬ ಹೆಂಗಸು ಅದರ ಮೇಲೆ ಮಲಗಬೇಕಿತ್ತು. ಬಿರುಕನ್ನು ಪೂರ್ತಿ ಕೆತ್ತಿ, ಒಳಗೂ ಹೊರಗೂ ತುಂಬಿ, ಮೂಲೆಗೆ ದಪ್ಪ ಪಟ್ಟಿ ಕೊಟ್ಟಳು. ಅಂಥ ಬೆಸುಗೆ ಅವಳೂ ಹಿಂದೆ ಹಾಕಿರಲಿಲ್ಲ.

ಕೊನೆಗೆ ಕತ್ತಿನ ಮುಂಭಾಗಕ್ಕೂ ಒಂದು ಪಟ್ಟಿ ಇಟ್ಟು, ಅದರ ಮೇಲೆ ಬಹಳ ಹೊತ್ತು ಕಿಡಿ ಹಾರಿಸಿದಳು. ತಣ್ಣಗಾದ ಮೇಲೆ ಕ್ರೈಡರ್ ಬಗ್ಗಿ ನೋಡಿದ. ಉಬ್ಬಿದ ಉಕ್ಕಿನ ಅಕ್ಷರಗಳಲ್ಲಿ ಅವಳ ಹೆಸರಿತ್ತು. ಒಂದಕ್ಷರವೂ ಸೊಟ್ಟಗಿರಲಿಲ್ಲ.

"ಇದನ್ನ ಉಜ್ಜಿ ತೆಗೆಸ್ಬಹುದಾ?" ಅಂದ ಮೆಲ್ಲಗೆ.

"ತೆಗೆಸು. ಪಟ್ಟಿನ ಹಿಡ್ಕೊಂಡಿರೋದೇ ಆ ಅಕ್ಷರಗಳು. ಅವು ಹೋದ್ರೆ ಕತ್ತೂ ಹೋಗುತ್ತೆ."

ಅದು ನಿಜವೋ ಸುಳ್ಳೋ ಬೆಸುಗೆ ಬಲ್ಲವರು ಹೇಳಬೇಕು. ಜೀವಮಾನವೆಲ್ಲ ಗಡಿಯಾರ ಹಿಡಿದ ಕ್ರೈಡರನಿಗೆ ಅದು ಗೊತ್ತಾಗುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಹೊರಟರು. ಕ್ರೈಡರ್ ಲಾರಿಯನ್ನು ಗಾಡಿಯ ಕತ್ತಿನಡಿಗೆ ಹಿಮ್ಮುಖವಾಗಿ ತರುತ್ತಿದ್ದ. ಅವನಿಗೆ ಗುರಿ ಹೇಳಲು ಮಾರ್ಲಿಸ್ ಪಕ್ಕದಲ್ಲಿ ನಿಂತಿದ್ದಳು. ಡೋರ್ಕಾಸ್ ಕಾಫಿ ಹಿಡಿದು ತನ್ನ ಬಾಗಿಲಲ್ಲಿ ಕೂತು ಕೇಳಿಸಿಕೊಂಡಳು.

"ಬಾ, ಬಾ, ಹಿಂದಕ್ಕೆ ಬಾ ಲೊವೆಲ್. ಎಲ್ಲಿ ನೋಡ್ತಿದ್ದೀಯ? ಆ ಹೆಸರು ನೋಡ್ಕೊಂಡು ಬಾ. ಹಾಂ, ನೆಟ್ಟಗೆ ಡೋರ್ಕಾಸ್ ಕಡೆಗೆ!"