ಆಕಾಶ ಉಳಿಸಲು ಕೊಟ್ಟ ಫ್ರಿಜ್ಜು

ಮೊನ್ನೆ ಸಿಂಧಘಟ್ಟದಲ್ಲಿ ನನ್ನ ಹಳೇ ಫ್ರಿಜ್ಜು ಸಿಕ್ಕಿತು.

ಸಹೋದ್ಯೋಗಿಯೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಬಸ್ಸಿಗೆ ಕಾಯುತ್ತ, ಎದುರಿನ ಪುಟ್ಟ ಅಂಗಡಿಯಲ್ಲಿ ‘ತಣ್ಣಗೆ ಏನಾದರೂ ಇದೆಯೇನಮ್ಮ?’ ಅಂದೆ. ಅಂಗಡಿಯಾಕೆ ತಿರುಗಿ ಫ್ರಿಜ್ಜಿನ ಬಾಗಿಲು ಎಳೆದರು. ಹಲಸಿನ ಮರದ ಹಿಡಿ! ಕಂಪನಿಯ ಹಿಡಿ ಮುರಿದು ಸ್ಪೇರ್ ಸಿಗದಿದ್ದಾಗ, ಪಾಂಡವಪುರದ ನಮ್ಮ ಬೀದಿಯ ಬಡಗಿ ಪುಟ್ಟಾಚಾರ್ರು ಉಳಿ ಹಿಡಿದು ಕೂತು ಮಾಡಿಕೊಟ್ಟದ್ದು. ಅಂಥ ಹಿಡಿಯಿರುವ ಫ್ರಿಜ್ಜು ಜಗತ್ತಿನಲ್ಲಿ ಒಂದೇ.

ಅದು ಇಷ್ಟು ಹೊತ್ತಿಗೆ ಸತ್ತಿರಬೇಕಿತ್ತು. (ಕೊಂದ ಪುಣ್ಯ ನನ್ನದೇ ಎಂದು ನಾಲ್ಕು ಜನರ ಹತ್ತಿರ ಹೇಳಿಕೊಂಡೂ ಆಗಿತ್ತು.)

ಆದದ್ದು ಇಷ್ಟು. ನೀವು ಮರೆತಿರಬಹುದು, ಕೆಲವು ತಿಂಗಳ ಹಿಂದೆ ಪತ್ರಿಕೆಯ ಇದೇ ಅಂಕಣದಲ್ಲಿ ಆಕಾಶದ ಬಗ್ಗೆ ಬರೆದಿದ್ದೆ. ಓಜೋನ್ ಪದರ ತೂತಾಗುತ್ತಿದೆ, ಭೂಮಿ ಬಿಸಿಯಾಗುತ್ತಿದೆ, ಇದರಲ್ಲಿ ನಮ್ಮ ಫ್ರಿಜ್ಜಿನೊಳಗಿನ ಗ್ಯಾಸಿನ ಕೈವಾಡವೂ ಇದೆ, ನಾವು ಎಚ್ಚೆತ್ತುಕೊಳ್ಳುವುದು ಯಾವಾಗ, ಇತ್ಯಾದಿ. ಬರೆದು ಮುಗಿಸಿ, ಅದೇ ಗ್ಯಾಸಿನ ಫ್ರಿಜ್ಜಿನಿಂದ ತಣ್ಣೀರು ತೆಗೆದು ಕುಡಿದಿದ್ದೆ.

ಓದಿ ಎಚ್ಚೆತ್ತುಕೊಂಡವನು ಒಬ್ಬನೇ. ನಮ್ಮೂರಲ್ಲಿ ಟೀವಿ, ಫ್ರಿಜ್ಜು ಮಾರುವ ಸಿದ್ದರಾಜು. ನನ್ನ ಲೇಖನ ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸಿದ. ಕೆಳಗೆ ಕೆಂಪಕ್ಷರದಲ್ಲಿ ಬರೆಸಿದ: ‘ಹಳೆಯದು ಕೊಡಿ, ಹೊಸದು ಒಯ್ಯಿರಿ, ಆಕಾಶ ಉಳಿಸಿ. ಫ್ರೀ ಡೆಲಿವರಿ.’ ಆಮೇಲೆ ಸೀದಾ ನಮ್ಮ ಮನೆಗೇ ಬಂದ.

“ಸಾ, ನಿಮ್ ಲೇಖನ ಓದಿ ಎದೆ ಝಲ್ ಅಂತು. ಈಗ ಓಜೋನ್ ಫ್ರೆಂಡ್ಲಿ ಮಾಡೆಲ್ಲು ಬಂದದೆ. ಊರ್ಗೆಲ್ಲ ಬುದ್ಧಿ ಏಳೋ ನೀವೇ ಹಳೇದ್ನ ಮಡಿಕಂಡಿದ್ರೆ ಜನ ಏನಂದಾರು?”

ಜನ ಏನಂದಾರು! ಆಕಾಶ ಹರಿದು ಬೀಳುವುದಕ್ಕಿಂತ ದೊಡ್ಡ ಭಯ ಇದು. ಕಂಪನಿಗಳಿಗೆ ಇದು ವಿಜ್ಞಾನಿಗಳಿಗಿಂತ ಮೊದಲೇ ಗೊತ್ತಾಗಿರುತ್ತದೆ.

ನನ್ನ ಹೆಂಡತಿ ಸರೋಜ ಒಪ್ಪಲಿಲ್ಲ. “ಕೆಟ್ಟಿಲ್ಲ ಕಣ್ರೀ. ಹನ್ನೊಂದು ವರ್ಷದಲ್ಲಿ ಒಂದಿನ ತಂಟೆ ಮಾಡಿಲ್ಲ. ಆಕಾಶಕ್ಕೆ ತೂತು ಬಿದ್ರೆ ನನ್ನ ಅಡುಗೆಮನೆ ಯಾಕೆ ಖಾಲಿ ಮಾಡ್ಬೇಕು?” ಎಂದಳು. ನಂತರ ಸಿದ್ದರಾಜುವಿಗೆ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಳು: “ಅಲ್ಲಪ್ಪ, ಹಳೇದನ್ನ ಏನ್ಮಾಡ್ತೀರಿ?”

“ಕಂಪ್ನಿಯೋರು ತಕ್ಕೊಂಡೋಗಿ ಸೈಂಟಿಫಿಕ್ಕಾಗಿ ನಾಸ ಮಾಡ್ತಾರೆ ಕಣಕ್ಕ.”

ನಾನು ಚರಿತ್ರೆಯ ಮೇಷ್ಟ್ರು. ‘ಸೈಂಟಿಫಿಕ್’ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಕರಗಿಹೋಗುತ್ತೇನೆ. ಕರಗಿದೆ.

ಹೊಸದು ಬಂತು. ಗಾತ್ರ ಹಳೆಯದರ ಎರಡರಷ್ಟು. ಬಾಗಿಲ ಮೇಲೊಂದು ಹಸಿರು ಎಲೆ, ಎಲೆಯೊಳಗೆ ನಗುತ್ತಿರುವ ಭೂಮಿ. (ಅದಕ್ಕೆ ನಗಲು ಏನಾಗಿದೆಯೋ!) ಅಡುಗೆಮನೆಯಲ್ಲಿ ಹಿಡಿಯದೆ ನಡುಮನೆಯಲ್ಲಿ ನಿಲ್ಲಿಸಿದೆವು. ಕರೆಂಟಿನ ಮೀಟರು ಮೊದಲಿಗಿಂತ ಉತ್ಸಾಹದಿಂದ ತಿರುಗತೊಡಗಿತು. ಪ್ಯಾಕಿಂಗಿನ ಥರ್ಮಕೋಲನ್ನೆಲ್ಲ ಹಿತ್ತಲಲ್ಲಿ ರಾಶಿ ಹಾಕಿ ಬೆಂಕಿ ಕೊಟ್ಟೆ. ಆ ಕಪ್ಪು ಹೊಗೆ ಕರಿಘಟ್ಟದ ತುದಿಯಿಂದಲೂ ಕಂಡಿರಬೇಕು. ನಾನು ಮಾತ್ರ ಸೊಂಟದ ಮೇಲೆ ಕೈಯಿಟ್ಟು, ಆಕಾಶ ಉಳಿಸಿದವನ ಗತ್ತಿನಲ್ಲಿ ನಿಂತಿದ್ದೆ.

ಈಗ ಸಿಂಧಘಟ್ಟಕ್ಕೆ ಬನ್ನಿ.

ಅಂಗಡಿಯಾಕೆಯ ಹೆಸರು ಜಯಮ್ಮ. ‘ಈ ಫ್ರಿಜ್ಜು ಎಲ್ಲಿ ತಗೊಂಡಿರಿ?’ ಎಂದು ಏನೂ ಗೊತ್ತಿಲ್ಲದವನಂತೆ ಕೇಳಿದೆ.

“ಪಾಂಡವಪುರದ ಸಿದ್ರಾಜಣ್ಣ ಕೊಡುಸ್ತು ಸಾ. ಅದ್ಯಾರೋ ಮೇಷ್ಟ್ರಂತೆ, ಆಕಾಸ ಉಳುಸ್ಬೇಕು ಅಂತ ಇಂಥ ಒಳ್ಳೆ ಫ್ರಿಜ್ಜ ಕೊಟ್ಬುಟ್ರಂತೆ. ಒಸಿ ತಲೆ ಕೆಟ್ಟಿರ್ಬೇಕು, ಪಾಪ.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ಟೆಂಪೋಲಿ ತರೋವಾಗ ಇಂದ್ಗಡೆ ಪೈಪು ನೆಗ್ಗೋಗಿತ್ತು ಸಾ. ಮೆಕ್ಯಾನಿಕ್ಕು ಬಂದು, ಇದ್ದ ಗ್ಯಾಸ್ನೆಲ್ಲ ಬುಸ್ ಅಂತ ಆಚೆಗೆ ಬುಟ್ಬುಟ್ಟು, ಒಸದಾಗಿ ತುಂಬ್ಕೊಟ್ಟೋದ.”

“ಹೊಸದು ಅಂದರೆ? ಓಜೋನ್ ಫ್ರೆಂಡ್ಲಿಯಾ?”

“ಅದೆಲ್ಲ ನಂಗೊತ್ತಿಲ್ಲ ಸಾ. ಅದೇ ಗ್ಯಾಸು ಅಂದ.”

ಲೆಕ್ಕ ಹಾಕಿ. ನನ್ನ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಪೈಪಿನೊಳಗೆ ತೆಪ್ಪಗಿದ್ದ ಗ್ಯಾಸು ಆಕಾಶಕ್ಕೆ ಹೋದದ್ದು ನಾನು ಆಕಾಶ ಉಳಿಸಲು ಹೊರಟ ಮೇಲೆ. ನಾನು ಸುಮ್ಮನಿದ್ದಿದ್ದರೆ ಅದೂ ಸುಮ್ಮನಿರುತ್ತಿತ್ತು. ಮೈಯೆಲ್ಲ ಉರಿಯಿತು. ನಾಳೆ ಬೆಳಿಗ್ಗೆಯೇ ಸಿದ್ದರಾಜುವಿನ ಕಾಲರ್ ಹಿಡಿಯಬೇಕು. ಸೈಂಟಿಫಿಕ್ ಅಂತೆ ಸೈಂಟಿಫಿಕ್ಕು!

ಅಷ್ಟರಲ್ಲಿ ಜಯಮ್ಮ ಮಜ್ಜಿಗೆ ತೆಗೆಯಲು ಮತ್ತೆ ಬಾಗಿಲು ತೆರೆದರು. ಮೇಲಿನ ಅರೆಯಲ್ಲಿ ಪುಟ್ಟ ಪುಟ್ಟ ಔಷಧಿ ಸೀಸೆಗಳು. ಒಂದೊಂದಕ್ಕೂ ಬಿಳಿ ಪ್ಲಾಸ್ಟರ್ ಸುತ್ತಿ ಮೇಲೆ ಹೆಸರು ಬರೆದಿತ್ತು.

“ಸಕ್ರೆ ಕಾಯಿಲೆ ಇಂಜೆಕ್ಸನ್ನು ಸಾ. ಒಂದು ನಮ್ಮತ್ತೇದು. ಮೊದ್ಲು ಮಣ್ಣಿನ ಕುಡ್ಕೇಲಿ ನೀರಾಕಿ ಮಡಗ್ತಿದ್ದೊ. ಓದ್ ಬೇಸ್ಗೇಲಿ ಔಸ್ದಿ ಕೆಟ್ಟೋಗಿ, ಮೈಮೇಲೆ ಗ್ಯಾನ ಇಲ್ದಂಗೆ ಬಿದ್ಬುಟ್ರು. ಕೆ.ಆರ್.ಪೇಟೆ ಆಸ್ಪತ್ರೇಲಿ ಎಂಟು ದಿನ ಇಟ್ಕಂಡಿದ್ರು. ಉಳಿಯಾಕಿಲ್ಲ ಅಂದ್ಕಂಡಿದ್ದೊ. ಈಗ ನೋಡಿ, ಅಗೋ, ಅಲ್ಲಿ ಕೂತವ್ರೆ.”

ಜಗಲಿಯ ಮೇಲೆ ಒಬ್ಬ ಮುದುಕಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು.

“ಇನ್ನೂ ಮೂರು ಮನೆಯೋರು ಇಲ್ಲೇ ಮಡಗ್ತಾವ್ರೆ ಸಾ. ಕರೆಂಟ್ ಓದ್ರೆ ನಾನು ಬಾಗ್ಲೇ ತೆಗ್ಯಾಕಿಲ್ಲ. ವ್ಯಾಪಾರ ಓದ್ರೆ ಓಗ್ಲಿ.”

ಸಿದ್ದರಾಜುವಿನ ಕಾಲರ್ ಹಿಡಿದು ಈಗ ಏನಂತ ಕೇಳಲಿ? ಮಾತು ಕೊಟ್ಟಂತೆ ಆ ಫ್ರಿಜ್ಜನ್ನು ತಂದು ನಾಶಮಾಡು ಎನ್ನಲೇ?

ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ. ‘ಆ ತಲೆಕೆಟ್ಟ ಮೇಷ್ಟ್ರು ನಾನೇ ಕಣಮ್ಮ’ ಅಂದೆ. ಜಯಮ್ಮ ನಾಲಿಗೆ ಕಚ್ಚಿಕೊಂಡರು. ‘ತೆಪ್ಪಾಯ್ತು ಸಾ’ ಅಂದರು. ಮಜ್ಜಿಗೆಗೆ ಕಾಸು ಬೇಡವೇ ಬೇಡ ಅಂದರು. ಆಮೇಲೆ, ವ್ಯಂಗ್ಯವಿಲ್ಲ, ಕುಹಕವಿಲ್ಲ, ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದರು:

“ಅಂಗಾರೆ ನಿಮ್ ಮನೇಲಿರೋ ಒಸಾದು ಇನ್ನೂ ದೊಡ್ಡುದು ಅನ್ನಿ. ಅದ್ರಲ್ಲಿ ಯಾರ್‍ಯಾರ್ದು ಔಸ್ದಿ ಮಡಗಿದ್ದೀರಿ ಸಾ?”

ಭಾನುವಾರದ ಹುಳಿ, ಸೋಮವಾರದ ಸಾರು, ಮೂರು ತಟ್ಟೆ ಐಸು. ಇದನ್ನು ಆಕೆಗೆ ಯಾವ ಬಾಯಲ್ಲಿ ಹೇಳುವುದು?