ಕೋಚ್ ಕೇಳಿದ ಪಂಚಕಜ್ಜಾಯ

ಬೆಲ್ ಆಯಿತೆಂದು ಬಾಗಿಲು ತೆರೆದರೆ ಮಗಳ ಬಾಸ್ಕೆಟ್‌ಬಾಲ್ ತಂಡದ ಹಳೆಯ ಕೋಚ್ ನಿಂತಿದ್ದರು, ಎದುರಾಳಿ ಕಾಲೇಜಿನ ಹೊಸ ಟೀ ಶರ್ಟ್ ಹಾಕಿಕೊಂಡು. ಹಿಂದಿನ ಸಲ ದೋಹಾದ ಅಲ್ ಸದ್ದ್ ಬಡಾವಣೆಯ ನಮ್ಮ ಈ ಫ್ಲ್ಯಾಟಿಗೆ ಅವರು ಬಂದದ್ದು ಗೆದ್ದ ಕಪ್ ತೋರಿಸಲು. ಮಗಳದು ಇಲ್ಲಿನ ಒಂದು ಚಿಕ್ಕ ಕಾಲೇಜು. ಅದು ಗೆದ್ದದ್ದೇ ತಡ, ದೊಡ್ಡ ಕಾಲೇಜಿನವರು ಫೀಸು ಬೇಡವೆಂದು ಹೇಳಿ ಎತ್ತರದ ಹುಡುಗಿಯರನ್ನೆಲ್ಲ ಕರೆದುಕೊಂಡರು, ಆಮೇಲೆ ಕೋಚನ್ನೂ. ಕುಳ್ಳಗಿದ್ದ ನನ್ನ ಮಗಳನ್ನು ಯಾರೂ ಕೇಳಲಿಲ್ಲ. ದೇವರು ದೊಡ್ಡವನು, ಈಗ ಅವಳೇ ಕ್ಯಾಪ್ಟನ್.

ಅವಳನ್ನೂ ಕೇಳಲು ಬಂದರೇನೋ ಅಂದುಕೊಂಡೆ. ಅವರು ಚಪ್ಪಲಿ ಕಳಚುತ್ತಾ, "ಅಕ್ಕ, ನಾಳೆ ನಿಮ್ಮವರ ಜೊತೆಗೇ ಮ್ಯಾಚು. ಆಟಕ್ಕೆ ಮುಂಚೆ ನೀವು ಗಣಪತಿಯ ಪಂಚಕಜ್ಜಾಯ ಕೊಡ್ತಿದ್ರಲ್ಲ, ನಮಗೂ ಸ್ವಲ್ಪ ಬೇಕಿತ್ತು. ಅದಿಲ್ಲದೆ ಹುಡುಗಿಯರಿಗೆ ಧೈರ್ಯವೇ ಬರೂದಿಲ್ಲ" ಅಂದರು.

ಒಳಗಿನಿಂದ ಮಗಳು, "ಕೊಡಮ್ಮ, ಅದೊಂದು ತಗೊಂಡು ಹೋಗೋದು ಬಾಕಿ ಇತ್ತು" ಅಂದಳು.

ಪ್ರಸಾದ ಕೇಳಿದವರಿಗೆ ಇಲ್ಲವೆನ್ನಲು ನನ್ನಿಂದಾಗದು. ಅಡುಗೆಮನೆಯ ಕಪಾಟಿನಲ್ಲಿರುವ ಗಣಪತಿಗೆ ಕೈಮುಗಿದು, ಡಬ್ಬಿ ತುಂಬಿಸಿ ಕೊಟ್ಟೆ. ಮರುದಿನ ನಮ್ಮವರು ಸ್ವಲ್ಪದರಲ್ಲಿ ಸೋತರು. ಅದೂ ಅವನ ದಯೆಯೇ. ಗೆದ್ದಿದ್ದರೆ ಉಳಿದವರನ್ನೂ ಕರೆದುಕೊಂಡು ಹೋಗುತ್ತಿದ್ದರು.

ಅಂದಿನಿಂದ ದೀಪ ಹಚ್ಚುವಾಗ ನಾನು ಕೇಳಿಕೊಳ್ಳುವುದು ಇಷ್ಟೇ: ನಮ್ಮ ಹುಡುಗಿಯರು ಗೆಲ್ಲಲಿ ದೇವರೇ, ಆದರೆ ದೊಡ್ಡ ಕಾಲೇಜಿನವರ ಕಣ್ಣಿಗೆ ಬೀಳದಷ್ಟು ಮಾತ್ರ.